ವಾರ್ಡಿಗೆ ಬರುವ ಜೊತೆಗಾರನ ಕೈಗೆ ಏನು ಕೆಲಸ ಕೊಡೋಣ? (ಗಾಯಾಳು ಮಾಜಿ ಸೈನಿಕರ ಆರೈಕೆ)

● ಹನ್ನೆರಡನೇ ಹಾಸಿಗೆ

ಮಾಜಿ ಸೈನಿಕನೊಬ್ಬ ಆಸ್ಪತ್ರೆ ಸೇರಿದ ಸುದ್ದಿ ಸಿಕ್ಕರೆ ಸಾಕು, ಹಳೆಯ ಪಲ್ಟನ್ನಿನವರು ನಾಲ್ಕು ದಿಕ್ಕಿನಿಂದ ಬಂದು ಹಾಸಿಗೆ ಸುತ್ತ ನಿಲ್ಲುತ್ತಾರೆ. ನಗಿಸುತ್ತಾರೆ, ಕಾಲೆಳೆಯುತ್ತಾರೆ (ಉಳಿದಿರುವ ಒಂದನ್ನೇ), ಬೆನ್ನು ತಟ್ಟಿ ಹೊರಡುತ್ತಾರೆ. ಅವರು ಹೋದ ಹತ್ತು ನಿಮಿಷಕ್ಕೆ ರೌಂಡ್ಸ್ ಬಂದ ಡಾಕ್ಟರು ನೋವು ಹೇಗಿದೆ ಎಂದು ಕೇಳಿದರೆ, ರಾತ್ರಿಯೆಲ್ಲ ಕಣ್ಣು ಮುಚ್ಚದವನು "ಏನಿಲ್ಲ ಸಾರ್, ಚೆನ್ನಾಗಿದೆ" ಅನ್ನುತ್ತಾನೆ. ಹಲ್ಲು ಕಚ್ಚಿಕೊಂಡಿರುವುದನ್ನೇ ವರ್ಷಗಟ್ಟಲೆ ಕಲಿಸಿದ ಮೇಲೆ ಬೇರೇನು ಹೇಳಿಯಾನು?

ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ವಾರ್ಡಿನಲ್ಲಿ ಗೊತ್ತಾಗುವುದು ಅವನ ಜೊತೆಗಾರನಿಗೆ ಮಾತ್ರ. ಆದರೆ ಆ ಜೊತೆಗಾರನಿಗೆ ಯಾರೂ ಕೆಲಸ ಒಪ್ಪಿಸಿರುವುದಿಲ್ಲ. ಸುಮ್ಮನೆ ಕುರ್ಚಿ ಮೇಲೆ ಕೂತಿರುತ್ತಾನೆ.

ಹಾಗಾಗಿ ಈ ಚರ್ಚೆಯಲ್ಲಿ ಬೇಕಿರುವುದು ಕೆಲಸದ ಪಟ್ಟಿ. ಏನು ನೋಡಬೇಕು, ಎಷ್ಟು ಹೊತ್ತಿಗೊಮ್ಮೆ, ಯಾವುದು ಕೆಟ್ಟರೆ ಯಾರನ್ನು ಕರೆಯಬೇಕು. ಸ್ವಂತ ಅನುಭವದ ಕತೆಗಳಿಗೆ ಬೇರೆ ಚರ್ಚೆ ತೆರೆಯೋಣ. ಇನ್ನೊಂದು ವಿಷಯ, ದಯವಿಟ್ಟು "ಜೊತೆಗಾರ" ಅಂತಲೇ ಬರೆಯಿರಿ. ಇಂಗ್ಲಿಷಿನ buddy ಪದವನ್ನು ಕನ್ನಡದಲ್ಲಿ "ಬಡ್ಡಿ" ಅಂತ ಬರೆದರೆ ಸಾಲ ವಸೂಲಿಗೆ ಬಂದವನ ಹಾಗೆ ಕಾಣುತ್ತದೆ.

● ರಾತ್ರಿ ಪಾಳಿ

ನೋವಿನಿಂದಲೇ ಶುರು ಮಾಡುತ್ತೇನೆ. ಸೊನ್ನೆಯಿಂದ 10ರವರೆಗೆ ಎಷ್ಟು ಅಂತ ಕೇಳಿದರೆ ಸೈನಿಕರಲ್ಲಿ ಹೆಚ್ಚಿನವರು 2 ಅಥವಾ 3 ಅನ್ನುತ್ತಾರೆ. ಆ ಅಂಕಿಯನ್ನು ನಂಬಿ ಮಾತ್ರೆ ಬರೆದರೆ ರಾತ್ರಿ ಎರಡು ಗಂಟೆಗೆ ಹಾಸಿಗೆಯ ಕಬ್ಬಿಣ ಹಿಡಿದು ಕೂತಿರುತ್ತಾರೆ. ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ಬಳಸುವ ನೋವಿನ ಮಾಪಕದಲ್ಲಿ ಅಂಕಿಯ ಜೊತೆಗೆ ಇನ್ನು ನಾಲ್ಕು ಪ್ರಶ್ನೆ ಸೇರಿಸಿದ್ದಾರೆ: ನೋವಿನಿಂದ ನಿದ್ದೆ ಎಷ್ಟು ಕೆಟ್ಟಿತು, ಓಡಾಟ ಎಷ್ಟು ನಿಂತಿತು, ಮನಸ್ಸು ಎಷ್ಟು ಕೆಟ್ಟಿತು, ತಳಮಳ ಎಷ್ಟಾಯಿತು. ಜೊತೆಗಾರ ಅಂಕಿ ಕೇಳಲೇಬೇಕಾಗಿಲ್ಲ. "ಎಷ್ಟು ಗಂಟೆ ನಿದ್ದೆ ಬಂತು? ಪಕ್ಕಕ್ಕೆ ಹೊರಳಿದೆಯಾ? ಬೆಳಿಗ್ಗೆ ಫಿಸಿಯೋ ಬಂದಾಗ ಎದ್ದೆಯಾ?" ಇಷ್ಟು ಕೇಳಿ ನರ್ಸಿಗೆ ಹೇಳಿದರೆ ಸಾಕು. ಬಲವಾದ ನೋವಿನ ಮಾತ್ರೆ ನಡೆಯುತ್ತಿದ್ದರೆ ಮಲ ಹೋಯಿತೇ ಅಂತಲೂ ಕೇಳಿ. ಓಪಿಯಾಯ್ಡ್ ಮಾತ್ರೆಗಳು ಕರುಳನ್ನು ನಿಧಾನ ಮಾಡುತ್ತವೆ. ಮೂರು ದಿನ ಮಲ ಕಟ್ಟಿದರೆ ನಾಚಿಕೆಗೆ ಯಾರೂ ಹೇಳುವುದಿಲ್ಲ, ಊಟ ಬಿಡುತ್ತಾರೆ, ಆಮೇಲೆ "ಮಾತ್ರೆಯೇ ಬೇಡ" ಅನ್ನುತ್ತಾರೆ. ಮಾತ್ರೆ ಬೇಡ ಅನ್ನುವುದರ ಹಿಂದೆ ಎಷ್ಟೋ ಸಲ ಇರುವುದು ಧೈರ್ಯವಲ್ಲ, ಮಲಬದ್ಧತೆ.

ಎಬ್ಬಿಸುವ ರೀತಿ: ಯುದ್ಧ ಕಂಡವರನ್ನು ಭುಜ ಹಿಡಿದು ಅಲುಗಾಡಿಸಬೇಡಿ, ತಲೆಯ ಹಿಂದಿನಿಂದ ಹೋಗಬೇಡಿ. ಮಂಚದ ಕಾಲ್ದೆಸೆಯಲ್ಲಿ ನಿಂತು ಮೊದಲು ಹೆಸರು ಹಿಡಿದು ಕರೆಯಿರಿ. ಏಳದಿದ್ದರೆ ಪಾದ ಮುಟ್ಟಿ. ಕೈ ಬೀಸಿದರೂ ನಿಮಗೆ ತಾಗದಷ್ಟು ದೂರ ಉಳಿಯುತ್ತದೆ. ಸಾಧ್ಯವಾದರೆ ಬಾಗಿಲು ಕಾಣುವ, ಬೆನ್ನಿಗೆ ಗೋಡೆ ಇರುವ ಹಾಸಿಗೆ ಕೇಳಿ ಪಡೆಯಿರಿ. ಸಣ್ಣ ವಿಷಯ ಅನ್ನಿಸಬಹುದು, ನಿದ್ದೆಯ ಗಂಟೆಗಳಲ್ಲಿ ವ್ಯತ್ಯಾಸ ಕಾಣುತ್ತದೆ.

● ಪಟ್ಟಿಯಕ್ಕ

ಫಿಸಿಯೋ ಕಡೆಯಿಂದ ಮೊಣಕಾಲಿನ ಕೆಳಗೆ ಕಾಲು ತೆಗೆದವರ ವಿಷಯ ಬರೆಯುತ್ತೇನೆ. ಜೊತೆಗಾರರು ಅತಿ ಹೆಚ್ಚು ಹಾಳು ಮಾಡುವುದು ಪ್ರೀತಿಯಿಂದ ಕೊಡುವ ದಿಂಬಿನಲ್ಲಿ. ಸ್ಟಂಪಿನ (ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗ) ಕೆಳಗೆ, ಮೊಣಕಾಲಿನ ಹಿಂದೆ ದಿಂಬು ಇಟ್ಟರೆ ಹಾಯಾಗಿರುತ್ತದೆ, ನಿಜ. ಆದರೆ ಮಂಡಿ ಮಡಿಚಿಕೊಂಡೇ ಇದ್ದರೆ ಹಿಂಬದಿಯ ಸ್ನಾಯು ಗಿಡ್ಡವಾಗಿ ಬಿಗಿಯುತ್ತದೆ. ಆಮೇಲೆ ಮಂಡಿ ನೆಟ್ಟಗಾಗುವುದಿಲ್ಲ. ನೆಟ್ಟಗಾಗದ ಮಂಡಿಗೆ ಕೃತಕ ಕಾಲು ಸರಿಯಾಗಿ ಕೂರಿಸುವುದು ಬಹಳ ಕಷ್ಟ.

ಮಾಡಬೇಕಾದ್ದು:
ಮಲಗಿದಾಗ ಮಂಡಿ ನೇರ. ಗಾಲಿಕುರ್ಚಿಯಲ್ಲಿ ಕೂತಾಗ ಸ್ಟಂಪ್ ಕೆಳಕ್ಕೆ ಜೋತುಬೀಳಬಾರದು. ಸೀಟಿನಿಂದ ಮುಂದಕ್ಕೆ ಚಾಚಿರುವ ಹಲಗೆ ಬೇಕು, ಅದರ ಮೇಲೆ ಸ್ಟಂಪ್ ಮಟ್ಟಸವಾಗಿ ಇರಬೇಕು. ದಿನಕ್ಕೆ ಎರಡು ಮೂರು ಸಲ ಬೋರಲು ಮಲಗಬೇಕು, ಪ್ರತಿ ಸಲ 15ರಿಂದ 20 ನಿಮಿಷ, ತಲೆ ಆರೋಗ್ಯವಾಗಿರುವ ಕಾಲಿನ ಕಡೆ ತಿರುಗಿಸಿ. ಇದು ಸೊಂಟದ ಮುಂಭಾಗ ಬಿಗಿಯದಂತೆ. ತೊಡೆಯ ಮಟ್ಟಕ್ಕೆ ಕಾಲು ತೆಗೆದವರಿಗೆ ಇದು ಇನ್ನೂ ಮುಖ್ಯ. ಹೊಟ್ಟೆಯಲ್ಲೂ ಗಾಯ ಇದ್ದವರು ಮಾತ್ರ ಸರ್ಜನ್ನರನ್ನು ಕೇಳದೆ ಬೋರಲಾಗಬಾರದು.

ಬ್ಯಾಂಡೇಜ್: ಮೊಣಕಾಲಿನ ಕೆಳಗಿನದಕ್ಕೆ 4 ಇಂಚು ಅಗಲದ ಎಲಾಸ್ಟಿಕ್ ಬ್ಯಾಂಡೇಜ್, ತೊಡೆಗಾದರೆ 6 ಇಂಚಿನದು. ಸುತ್ತುವುದು ಯಾವಾಗಲೂ ಓರೆಯಾಗಿ, ಕನ್ನಡದ ಎಂಟರಂತೆ ಅಲ್ಲ, ಇಂಗ್ಲಿಷಿನ ಎಂಟರ ಅಂಕಿಯಂತೆ. ತುದಿಯಲ್ಲಿ ಬಿಗಿ ಹೆಚ್ಚು, ಮೇಲಕ್ಕೆ ಹೋದಂತೆ ಕಡಿಮೆ. ಬಳೆ ತೊಡಿಸಿದ ಹಾಗೆ ಸುತ್ತಲೂ ಒಂದೇ ಸಮ ಸುತ್ತಿದರೆ ಮೇಲೆ ಕತ್ತು ಹಿಸುಕಿದಂತಾಗಿ ತುದಿ ಬಲ್ಬಿನ ಆಕಾರಕ್ಕೆ ಊದುತ್ತದೆ. ಆ ಆಕಾರ ಸಾಕೆಟ್ಟಿನೊಳಗೆ (ಕೃತಕ ಕಾಲಿನಲ್ಲಿ ಸ್ಟಂಪ್ ಕೂರುವ ಬಟ್ಟಲು) ಹೋಗುವುದಿಲ್ಲ. ನಾಲ್ಕು ಗಂಟೆಗೊಮ್ಮೆ ಬಿಚ್ಚಿ ಕಟ್ಟಬೇಕು, ಮಧ್ಯೆ ಜಾರಿದರೆ ತಕ್ಷಣ. ನಡುನಡುವೆ ಮಿಡಿತ, ಜುಮ್ಮೆನ್ನುವುದು, ತುದಿ ನೀಲಿಗಟ್ಟುವುದು ಕಂಡರೆ ಬಿಗಿ ಜಾಸ್ತಿಯಾಗಿದೆ ಅಂತ.

ಜೊತೆಗಾರನಿಗೆ ಇದನ್ನು ಕಲಿಸುವುದಾದರೆ ಅವನ ಮೊಣಕೈ ಮೇಲೆ ಕಟ್ಟಿ ತೋರಿಸಿ. ಬಿಗಿ ಎಷ್ಟು ಅನ್ನುವುದು ಕಣ್ಣಿಗೆ ಗೊತ್ತಾಗುವುದಲ್ಲ, ಚರ್ಮಕ್ಕೆ ಗೊತ್ತಾಗಬೇಕು.

● ಹೊಸಬ

ಮೇಡಂ, ಮೊದಲ ಎರಡು ದಿನ ಊತ ಇಳಿಯಲಿ ಅಂತ ಮಂಚದ ಕಾಲ್ದೆಸೆ ಎತ್ತಿಟ್ಟಿರುತ್ತಾರಲ್ಲ, ಅದೂ ತಪ್ಪಾ?

● ಪಟ್ಟಿಯಕ್ಕ

ತಪ್ಪಲ್ಲ. ಮಂಚದ ಕಾಲ್ದೆಸೆಯನ್ನೇ ಎತ್ತಿದರೆ ಮಂಡಿ ನೇರವಾಗಿಯೇ ಇರುತ್ತದೆ. ದಿಂಬಿಟ್ಟರೆ ಮಂಡಿ ಮಡಿಚುತ್ತದೆ. ವ್ಯತ್ಯಾಸ ಇಷ್ಟೇ.

● ರಾತ್ರಿ ಪಾಳಿ

ಪಟ್ಟಿಯಕ್ಕನವರು ಬರೆಯದ ಒಂದು ಅಪಾಯ ಸೇರಿಸುತ್ತೇನೆ. ತೆಗೆದ ಕಾಲು ಇನ್ನೂ ಇದೆ ಅನ್ನುವ ಭಾವ ಎಷ್ಟು ಗಟ್ಟಿ ಅಂದರೆ, ರಾತ್ರಿ ನಿದ್ದೆಗಣ್ಣಲ್ಲಿ ಬಾತ್‌ರೂಮಿಗೆ ಎದ್ದವನು ಇಲ್ಲದ ಕಾಲನ್ನು ಊರಿ ನೇರ ಸ್ಟಂಪಿನ ಮೇಲೆ ಬೀಳುತ್ತಾನೆ. ಹೊಲಿಗೆ ಬಿಡುತ್ತದೆ, ಮತ್ತೆ ಆಪರೇಷನ್ ಥಿಯೇಟರ್. ಮೊದಲ ವಾರಗಳಲ್ಲಿ ಇದು ಹೆಚ್ಚು. ಅವನು ಇಳಿಯುವ ಬದಿಗೆ ವಾಕರನ್ನೋ ಗಾಲಿಕುರ್ಚಿಯನ್ನೋ ಬ್ರೇಕ್ ಹಾಕಿ ಅಡ್ಡ ನಿಲ್ಲಿಸಿ. ಕೈಗೆ ಅದು ತಾಗಿದಾಗ ನೆನಪಾಗುತ್ತದೆ. ಯೂರಿನ್ ಪಾಟ್ ಕೈಗೆಟುಕುವಂತಿರಲಿ, ಮಂದ ಬೆಳಕು ಇರಲಿ. ಮಲಗುವ ಮೊದಲು ಇದನ್ನು ನೋಡಿಕೊಳ್ಳುವುದು ಜೊತೆಗಾರನ ಕೆಲಸ ಅಂತ ಬರೆದುಬಿಡಿ.

● ಸಾಕೆಟ್ ಮೇಸ್ತ್ರಿ

ಕೃತಕ ಕಾಲು ಬಂದ ಮೇಲಿನ ಮಾತು ನನ್ನದು. ಸ್ಟಂಪ್ ಒಂದೇ ಅಳತೆಯಲ್ಲಿ ಇರುವ ವಸ್ತುವಲ್ಲ. ಮೊದಲ ವರ್ಷ ತಿಂಗಳಿಂದ ತಿಂಗಳಿಗೆ ಸೊರಗುತ್ತದೆ. ಒಂದೇ ದಿನದಲ್ಲೂ ಬೆಳಿಗ್ಗೆ ತುಂಬಿಕೊಂಡಿರುತ್ತದೆ, ನಡೆದಾಡಿ ಮಧ್ಯಾಹ್ನದ ಹೊತ್ತಿಗೆ ಇಳಿದಿರುತ್ತದೆ. ಸಾಕೆಟ್ ಮಾತ್ರ ಮಾಡಿದ ಅಳತೆಯಲ್ಲೇ ಇರುತ್ತದೆ. ಎರಡರ ನಡುವಿನ ಖಾಲಿಯನ್ನು ತುಂಬುವುದು ಸ್ಟಂಪಿಗೆ ತೊಡಿಸುವ ಸಾಕ್ಸ್. ದಪ್ಪವನ್ನು ಪ್ಲೈ ಲೆಕ್ಕದಲ್ಲಿ ಹೇಳುತ್ತಾರೆ: 1, 3, 5 ಪ್ಲೈ ಹೀಗೆ. ಒಂದರ ಮೇಲೊಂದು ಹಾಕಿದರೆ ಕೂಡಿಸಿ ಲೆಕ್ಕ ಇಡುವುದು.

ಸಾಕ್ಸ್ ಕಡಿಮೆಯಾದರೆ ಸ್ಟಂಪ್ ಸಾಕೆಟ್ಟಿನೊಳಗೆ ಕುಸಿಯುತ್ತದೆ. ಮೊಣಚಿಪ್ಪಿನ ಕೆಳಅಂಚು ಒತ್ತಿ ಕೆಂಪಾಗುತ್ತದೆ, ಮೂಳೆಯ ತುದಿ ತಳಕ್ಕೆ ಬಡಿಯುತ್ತದೆ. ಹೆಚ್ಚಾದರೆ ಸ್ಟಂಪ್ ತಳ ಮುಟ್ಟುವುದೇ ಇಲ್ಲ, ತುದಿಯಲ್ಲಿ ಖಾಲಿ ಉಳಿದು ಅಲ್ಲಿ ರಕ್ತ ನಿಂತು ಚರ್ಮ ಕಂದುನೇರಳೆಗೆ ತಿರುಗುತ್ತದೆ. ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಗಂಟು ಗಂಟಾಗಿ ನರುಲಿಯಂತೆ ಬೆಳೆಯುತ್ತದೆ. ಮೊಣಚಿಪ್ಪಿನ ಸ್ವಲ್ಪ ಕೆಳಗಿನ ಸ್ನಾಯುರಜ್ಜಿನ ಮೇಲೆ ಕೆಂಪು ಕಂಡರೆ ಗಾಬರಿ ಬೇಡ, ಭಾರ ಹೊರಬೇಕಾದ ಜಾಗವೇ ಅದು.

ಪಿನ್ ಇರುವ ಲೈನರ್ (ಸ್ಟಂಪಿಗೆ ತೊಡಿಸುವ ಮೆತ್ತನೆಯ ಕವಚ, ತಳದ ಪಿನ್ ಸಾಕೆಟ್ಟಿನ ಬೀಗಕ್ಕೆ ಕೂರುತ್ತದೆ) ಆದರೆ "ಟಿಕ್ ಟಿಕ್" ಶಬ್ದ ಎಣಿಸಿ. ಬೆಳಿಗ್ಗೆ ಐದು ಟಿಕ್ಕಿಗೆ ನಿಂತದ್ದು ಮಧ್ಯಾಹ್ನ ಎಂಟಕ್ಕೆ ಹೋದರೆ ಸ್ಟಂಪ್ ಇಳಿದಿದೆ, ಒಂದು ಪ್ಲೈ ಸೇರಿಸಿ. ಒಂದೂ ಟಿಕ್ ಬರದಿದ್ದರೆ ನಡೆಯಲೇಬೇಡಿ, ಕಾಲು ದಾರಿಯಲ್ಲಿ ಕಳಚುತ್ತದೆ. ಲೈನರ್ ಹಾಕುವಾಗ ಪೂರ್ತಿ ಒಳಹೊರಗು ಮಾಡಿ, ತಳವನ್ನು ಸ್ಟಂಪಿನ ತುದಿಗೆ ಒತ್ತಿ ಹಿಡಿದು, ಮೇಲಕ್ಕೆ ಉರುಳಿಸಬೇಕು. ತಳದಲ್ಲಿ ಗಾಳಿ ಉಳಿದರೆ ಪ್ರತಿ ಹೆಜ್ಜೆಗೂ ಅದು ಹೀರುತ್ತದೆ, ಬೊಬ್ಬೆ ಏಳುತ್ತದೆ.

ಮೊದಲ ದಿನಗಳಲ್ಲಿ 15-20 ನಿಮಿಷ ತೊಟ್ಟು, ಬಿಚ್ಚಿ, ಚರ್ಮ ನೋಡಬೇಕು. ಕೆಂಪು 10ರಿಂದ 20 ನಿಮಿಷದಲ್ಲಿ ಮಾಯವಾಗಬೇಕು. ಆಗದಿದ್ದರೆ ಆ ದಿನಕ್ಕೆ ಕಾಲು ಮೂಲೆಗೆ, ಮೇಸ್ತ್ರಿಗೆ ಫೋನು. ಇಲ್ಲಿಯೇ ಸೈನಿಕರ ತೊಂದರೆ. 20 ನಿಮಿಷ ಅಂದರೆ ಎರಡು ಗಂಟೆ ನಡೆಯುತ್ತಾರೆ. ಪಕ್ಕದ ಹಾಸಿಗೆಯವನು ವರಾಂಡದ ಆ ತುದಿ ಮುಟ್ಟಿ ಬಂದ ಅಂತ ಇವನೂ ಹೊರಡುತ್ತಾನೆ. ಪೈಪೋಟಿ ಒಳ್ಳೆಯದೇ, ಆದರೆ ಅದನ್ನು ದೂರಕ್ಕೆ ಕಟ್ಟಬೇಡಿ, ಚರ್ಮಕ್ಕೆ ಕಟ್ಟಿ. ಒಂದು ಗುಳ್ಳೆಯೂ ಇಲ್ಲದೆ ವಾರ ಮುಗಿಸಿದವನು ಗೆದ್ದ, ಅಂತ.

● ಹನ್ನೆರಡನೇ ಹಾಸಿಗೆ

ಸಾಕ್ಸ್ ಎಷ್ಟಾದರೂ ಸೇರಿಸುತ್ತ ಹೋಗಬಹುದೇ ಮೇಸ್ತ್ರಿ?

● ಸಾಕೆಟ್ ಮೇಸ್ತ್ರಿ

ಇಲ್ಲ. ಒಟ್ಟು 10 ಪ್ಲೈ ದಾಟಿತು ಅಂದರೆ ತೋರಿಸಬೇಕು. 15ಕ್ಕೆ ಬಂದರೆ ಸಾಕೆಟ್ಟೇ ಬದಲಾಗುವ ಕಾಲ. ಜೊತೆಗಾರ ಒಂದು ಪುಟ್ಟ ಪುಸ್ತಕದಲ್ಲಿ ಬೆಳಿಗ್ಗೆ ಎಷ್ಟು ಪ್ಲೈ, ಸಂಜೆ ಎಷ್ಟು ಪ್ಲೈ ಅಂತ ಎರಡೇ ಅಂಕಿ ಬರೆದಿಟ್ಟರೆ ನಮಗೆ ಅರ್ಧ ಕೆಲಸ ಉಳಿಯುತ್ತದೆ. "ಸ್ವಲ್ಪ ಸಡಿಲ" ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ.

ಸ್ಟಂಪನ್ನು ತೊಳೆಯುವುದು ರಾತ್ರಿ, ಬೆಳಿಗ್ಗೆ ಅಲ್ಲ. ಒದ್ದೆ ಚರ್ಮ ಊದಿರುತ್ತದೆ, ಸಾಕೆಟ್ಟಿಗೆ ಅಂಟುತ್ತದೆ, ಉಜ್ಜಿ ಕಿತ್ತುಬರುತ್ತದೆ. ಲೈನರನ್ನು ದಿನವೂ ಸೌಮ್ಯ ಸೋಪಿನಲ್ಲಿ ತೊಳೆದು, ಸೋಪು ಒಂದಿಷ್ಟೂ ಉಳಿಯದಂತೆ ಜಾಲಿಸಿ.

ಸ್ಫೋಟದಲ್ಲಿ ಕಾಲು ಕಳೆದುಕೊಂಡವರಿಗೆ ಇನ್ನೊಂದು ಮಾತು. ಸಾಕೆಟ್ ಸರಿಯಿದ್ದೂ ಒಂದೇ ಜಾಗದಲ್ಲಿ ಗಟ್ಟಿ ಉಬ್ಬು, ನೋವು ಬಂದರೆ ಎಕ್ಸ್‌ರೇ ಕೇಳಿ. ಮಾಂಸದೊಳಗೆ ಬೇಡದ ಮೂಳೆ ಬೆಳೆಯುವುದು ಇಂಥವರಲ್ಲಿ ಅಪರೂಪವಲ್ಲ, ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಿಂದ ಬಂದವರ ಸ್ಟಂಪುಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅದು ಕಂಡಿತು. ಬಹಳಷ್ಟು ಸಲ ಸಾಕೆಟ್ಟಿನಲ್ಲಿ ಆ ಜಾಗ ತಗ್ಗು ಮಾಡಿದರೆ ಸಾಕಾಗುತ್ತದೆ. ಬದಲಿಗೆ ಬೆರಳಲ್ಲಿ ತಟ್ಟಿದಾಗ ಕರೆಂಟು ಹೊಡೆದಂತಾದರೆ ಅದು ಕತ್ತರಿಸಿದ ನರದ ಗಂಟು. ಅದರ ಮದ್ದು ಬೇರೆ.

● ಕನ್ನಡಿ

ಇಲ್ಲದ ಕಾಲಿನ ನೋವಿನ ಬಗ್ಗೆ ಯಾರೂ ಬರೆದಿಲ್ಲ. ಇದಕ್ಕೆ "ಫ್ಯಾಂಟಮ್ ಲಿಂಬ್" (ಭೂತ ಅಂಗ) ಅಂತ ಹೆಸರು ಕೊಟ್ಟವರು ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿಕೊಂಡ ಡಾಕ್ಟರ್ ಸೈಲಸ್ ವೇರ್ ಮಿಚೆಲ್, 1871ರಲ್ಲಿ. ಅಂದರೆ ಈ ನೋವಿನ ಹೆಸರೇ ಸೈನಿಕರ ವಾರ್ಡಿನಲ್ಲಿ ಹುಟ್ಟಿದ್ದು. ಆದರೂ "ಇಲ್ಲದ ಹೆಬ್ಬೆರಳು ಉರಿಯುತ್ತಿದೆ ಅಂದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ" ಅಂತ ಬಾಯಿ ಬಿಡದವರು ಇವತ್ತಿಗೂ ಇದ್ದಾರೆ. ಜೊತೆಗಾರ ತಾನಾಗಿಯೇ ಕೇಳಬೇಕು: "ಹೋದ ಕಾಲು ಈಗ ಹೇಗೆ ಮಡಿಚಿದೆ? ಬೆರಳು ಬಿಗಿದಿವೆಯಾ?"

ಕನ್ನಡಿ ಚಿಕಿತ್ಸೆಯನ್ನು 1990ರ ದಶಕದಲ್ಲಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮುಂದಿಟ್ಟರು. 2007ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡ 22 ಮಂದಿಯ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು: ದಿನಕ್ಕೆ 15 ನಿಮಿಷ, 4 ವಾರ. ಕನ್ನಡಿ ನೋಡಿದ ಗುಂಪಿನಲ್ಲಿ ಕೊನೆಯವರೆಗೆ ಉಳಿದ ಎಲ್ಲರಿಗೂ ನೋವು ಇಳಿಯಿತು. ಗುಂಪು ಸಣ್ಣದು, ಎಲ್ಲ ಕಡೆ ಅಷ್ಟೇ ಫಲ ಸಿಕ್ಕಿಲ್ಲ. ಆದರೆ ಖರ್ಚಿಲ್ಲ, ಅಡ್ಡಪರಿಣಾಮ ಕಡಿಮೆ.

ತೊಡೆಯಿಂದ ಹಿಮ್ಮಡಿವರೆಗೆ ಪೂರ್ತಿ ಕಾಣುವಷ್ಟು ಉದ್ದದ ಕನ್ನಡಿ ಬೇಕು. ಗಾಜಿಗಿಂತ ಒಡೆಯದ ಅಕ್ರಿಲಿಕ್ ವಾಸಿ. ಎರಡು ಕಾಲುಗಳ ನಡುವೆ ಉದ್ದಕ್ಕೆ ನಿಲ್ಲಿಸಿ, ಹೊಳೆಯುವ ಮುಖ ಇರುವ ಕಾಲಿನ ಕಡೆ. ಸ್ಟಂಪ್ ಹಿಂದೆ ಮರೆಯಾಗಬೇಕು. ಇರುವ ಪಾದದ ಸಾಕ್ಸ್ ತೆಗೆಯಿರಿ. ಪಾದವನ್ನು ನಿಧಾನಕ್ಕೆ ಮೇಲೆ ಕೆಳಗೆ, ಒಳಗೆ ಹೊರಗೆ, ಬೆರಳು ಮಡಿಚಿ ಬಿಡಿಸಿ, ಕಣ್ಣು ಮಾತ್ರ ಕನ್ನಡಿಯ ಮೇಲೆ. ಅದೇ ಚಲನೆಯನ್ನು ಇಲ್ಲದ ಕಾಲಿನಲ್ಲೂ ಮಾಡುತ್ತಿದ್ದೇನೆ ಅಂದುಕೊಳ್ಳಬೇಕು. ಕೆಡುವುದು ಎಲ್ಲಿ ಅಂದರೆ ಬೇಗ ಬೇಗ ಮಾಡುವುದರಲ್ಲಿ, ಮತ್ತು ಟಿ.ವಿ. ನೋಡುತ್ತ ಮಾಡುವುದರಲ್ಲಿ. ತಲೆಸುತ್ತು ಬಂದರೆ, ನೋವು ಏರಿದರೆ ನಿಲ್ಲಿಸಿ ಫಿಸಿಯೋಗೆ ಹೇಳಿ.

ಎರಡೂ ಕಾಲು ಇಲ್ಲದವರಿಗೆ ಕನ್ನಡಿಯಲ್ಲಿ ತೋರಿಸಲು ಕಾಲೇ ಇರುವುದಿಲ್ಲ. ಅಂಥವರಿಗೆ ಎದುರು ಕೂತ ಇನ್ನೊಬ್ಬನ ಪಾದಗಳ ಚಲನೆಯನ್ನು ನೋಡಿಸಿ ನೋವು ಇಳಿಸಿದ ಪ್ರಯೋಗ ಆಗಿದೆ. ಜೊತೆಗಾರ ಸಾಕ್ಸ್ ಬಿಚ್ಚಿ ಎದುರು ಕೂತು ಪಾದ ಆಡಿಸಬೇಕು, ಇವನು ನೋಡುತ್ತ ತನ್ನದನ್ನು ಆಡಿಸಬೇಕು. ಹನ್ನೆರಡನೇ ಹಾಸಿಗೆಯವರು ಕೇಳಿದ ಕೆಲಸ ಇದಕ್ಕಿಂತ ನೇರವಾಗಿ ಸಿಗಲಾರದು.

● ಕಿವಿಮಾತು

ಎಲ್ಲರೂ ಕಾಲಿನ ಹಿಂದೆ ಬಿದ್ದಿದ್ದೀರಿ. ಮಾಜಿ ಸೈನಿಕರಲ್ಲಿ ಬಹಳ ಮಂದಿಯ ತೊಂದರೆ ಕಿವಿ. ಗುಂಡಿನ, ಸ್ಫೋಟದ ಶಬ್ದ ಮೊದಲು ತಿನ್ನುವುದು ಮೇಲಿನ ಸ್ಥಾಯಿಯನ್ನು, 3ರಿಂದ 6 ಕಿಲೋಹರ್ಟ್ಸ್ ನಡುವೆ. ಆಡಿಯೋಗ್ರಾಮಿನಲ್ಲಿ (ಕಿವಿ ಪರೀಕ್ಷೆಯ ನಕ್ಷೆ) 4ರ ಹತ್ತಿರ ಗುಂಡಿ ಬಿದ್ದಂತೆ ಕಾಣುತ್ತದೆ. ಸ್ವರಗಳು ಚೆನ್ನಾಗಿ ಕೇಳುತ್ತವೆ, ಕ, ತ, ಪ, ಸ, ಹ ಇಂಥವು ಹೋಗುತ್ತವೆ. ಕಾಲು, ಹಾಲು, ಸಾಲು, ಪಾಲು, ನಾಲ್ಕೂ ಒಂದೇ ಥರ "…ಆಲು". ಹಾಗಾಗಿ ಅವರಿಗೆ "ಕೇಳುತ್ತದೆ, ಆದರೆ ತಿಳಿಯುವುದಿಲ್ಲ". ಫ್ಯಾನು, ಮಾನಿಟರು, ಟ್ರಾಲಿ ಸದ್ದಿನ ವಾರ್ಡಿನಲ್ಲಿ ಇನ್ನೂ ಕಷ್ಟ. ತಿಳಿಯದಿದ್ದರೂ ತಲೆಯಾಡಿಸುತ್ತಾರೆ. ಡಾಕ್ಟರು ಒಪ್ಪಿದರು ಅಂದುಕೊಂಡು ಮುಂದೆ ಹೋಗುತ್ತಾರೆ.

ಕೂಗಿದರೆ ಪ್ರಯೋಜನವಿಲ್ಲ. ಕೂಗಿದಾಗ ದೊಡ್ಡದಾಗುವುದು ಸ್ವರ, ವ್ಯಂಜನವಲ್ಲ. ಎದುರು ಬನ್ನಿ, ನಿಮ್ಮ ಮುಖದ ಮೇಲೆ ಬೆಳಕಿರಲಿ, ತುಸು ನಿಧಾನಕ್ಕೆ ಹೇಳಿ, ಅಂಕಿಗಳನ್ನು ಬರೆದು ಕೊಡಿ. ಬಲಗೈ ರೈಫಲ್ ಹಿಡಿದವರಲ್ಲಿ ಸಾಮಾನ್ಯವಾಗಿ ಎಡಕಿವಿ ಹೆಚ್ಚು ಕೆಟ್ಟಿರುತ್ತದೆ, ನಳಿಗೆಯ ಬಾಯಿಗೆ ಹತ್ತಿರವಿದ್ದ ಕಿವಿ ಅದು. ಬಲಗಿವಿಗೆ ತಲೆಯೇ ಮರೆ. ಆದ್ದರಿಂದ ಕುರ್ಚಿಯನ್ನು ಅವರ ಬಲಕ್ಕೆ ಹಾಕಿ ನೋಡಿ.

ಡಾಕ್ಟರು ಹೋದ ಮೇಲೆ ಜೊತೆಗಾರ "ತಿಳೀತಾ?" ಅಂತ ಕೇಳಬಾರದು. ಉತ್ತರ ಯಾವಾಗಲೂ ಹೌದು. "ನೀಲಿ ಮಾತ್ರೆ ಯಾವಾಗ ಅಂದ್ರು?" ಅಂತ ಕೇಳಬೇಕು. ಶ್ರವಣಯಂತ್ರ ಇದ್ದವರು ಆಪರೇಷನ್ನಿಗೆ ಹೋಗುವಾಗ ತೆಗೆದು ಡಬ್ಬಿಗೆ ಹಾಕಿ ಹೆಸರು ಬರೆಯಿರಿ. ದಿಂಬಿನ ಬಟ್ಟೆಯ ಜೊತೆ ಅಗಸರ ಮನೆಗೆ ಹೋದ ಯಂತ್ರಗಳಿಗೆ ಲೆಕ್ಕವಿಲ್ಲ.

● ಗಾಲಿಕುರ್ಚಿ

ಬೆನ್ನುಹುರಿ ಏಟಿನವರದು ಬೇರೆಯೇ ಜಗತ್ತು. ಒಂದನ್ನಾದರೂ ಎಲ್ಲರೂ ಬಾಯಿಪಾಠ ಮಾಡಿಕೊಳ್ಳಬೇಕು, ಏಕೆಂದರೆ ಸಾಮಾನ್ಯ ವಾರ್ಡಿನಲ್ಲಿ ಇದನ್ನು ಕಂಡವರು ಕಡಿಮೆ. ಎದೆಯ ಆರನೇ ಕಶೇರು (ಬೆನ್ನುಮೂಳೆಯ ಮಣಿ) ಅಥವಾ ಅದಕ್ಕಿಂತ ಮೇಲೆ ಏಟು ಬಿದ್ದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದುಹೋಗುವಂಥ ನೋವು, ಮುಖ ಕತ್ತು ಕೆಂಪು, ಮೇಲ್ಭಾಗದಲ್ಲಿ ಬೆವರು, ಮೂಗು ಕಟ್ಟಿಕೊಳ್ಳುವುದು ಬಂದರೆ ಅದು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಕೆಳಗಡೆ ಎಲ್ಲೋ ಒತ್ತಡ ಆಗಿದೆ, ಅವನಿಗೆ ಗೊತ್ತಾಗುತ್ತಿಲ್ಲ, ಮೈ ರಕ್ತದೊತ್ತಡ ಏರಿಸಿ ಕೂಗುತ್ತಿದೆ. ಬಿಟ್ಟರೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು.

ತಕ್ಷಣ ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ. ಮಲಗಿಸಬೇಡಿ, ಒತ್ತಡ ಇನ್ನೂ ಏರುತ್ತದೆ. ಬೆಲ್ಟು, ಬೂಟು, ಹೊಟ್ಟೆಪಟ್ಟಿ, ಯೂರಿನ್ ಬ್ಯಾಗಿನ ಪಟ್ಟಿ ಸಡಿಲಿಸಿ. ನರ್ಸನ್ನು ಕೂಗುತ್ತಲೇ ಕ್ಯಾಥೆಟರ್ ಕೊಳವೆಯನ್ನು ತುದಿಯಿಂದ ತುದಿಗೆ ಕೈಯಾಡಿಸಿ: ತೊಡೆಯಡಿ ಸಿಕ್ಕಿದೆಯೇ, ಮುರುಟಿದೆಯೇ, ಬ್ಯಾಗು ತುಂಬಿದೆಯೇ? ಅತಿ ಹೆಚ್ಚು ಸಲ ಕಾರಣ ಮೂತ್ರಕೋಶವೇ. ಅದು ಸರಿಯಿದ್ದರೆ ಆಮೇಲೆ ಮಲ, ಆಮೇಲೆ ಚರ್ಮ, ಉಗುರು. ಕೊಳವೆ ಕಟ್ಟಿದ್ದರೆ ಮೈ ಬಿಸುಪಿನ 10ರಿಂದ 15 ಮಿ.ಲೀ. ಸಲೈನ್ ಮಾತ್ರ ಬಿಡುವುದು, ಅದೂ ನರ್ಸಿನ ಕೆಲಸ. ಹೊಟ್ಟೆ ಒತ್ತಬೇಡಿ.

ಇಲ್ಲಿ ಎಡವುವುದು ಅಂಕಿಯಲ್ಲಿ. ಕತ್ತಿನ ಮಟ್ಟದ ಏಟಿನವರ ಮಾಮೂಲು ರಕ್ತದೊತ್ತಡವೇ (ಮೇಲಿನ ಅಂಕಿ) 90ರಿಂದ 110. 140 ಬಂದರೆ ಹೊಸ ಡಾಕ್ಟರು "ನಾರ್ಮಲ್ಲೇ ಇದೆಯಲ್ಲ" ಅನ್ನಬಹುದು. ಅವನ ಪಾಲಿಗೆ ಅದು ಅಪಾಯ. ಮಾಮೂಲು ಅಂಕಿಯನ್ನು ಮಂಚದ ತಲೆಗೆ ದೊಡ್ಡದಾಗಿ ಬರೆದು ಅಂಟಿಸಿ.

ಉಳಿದದ್ದು ಹೊರಳಿಸುವುದು. ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಲುಡ್ವಿಗ್ ಗುಟ್‌ಮನ್ ಸೈನಿಕರ ಬೆನ್ನುಹುರಿ ವಾರ್ಡ್ ತೆರೆದಾಗ ಹಿಡಿದ ಹಟ ಅದೇ, ಹಗಲು ರಾತ್ರಿ ಎರಡು ಗಂಟೆಗೊಮ್ಮೆ. ಅದಕ್ಕೂ ಮೊದಲು ಇಂಥವರನ್ನು ಬೆಡ್ ಸೋರು, ಮೂತ್ರದ ಸೋಂಕು ಕೊಂದುಬಿಡುತ್ತಿದ್ದವು. ಅಲ್ಲೇ 1948ರಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲು ಹಿಡಿದರು, ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅದರಿಂದ. ಎಲ್ಲರೂ ಬಿಲ್ಲಿನ ಕತೆ ಹೇಳುತ್ತಾರೆ. ಮಗ್ಗುಲು ಹೊರಳಿಸದಿದ್ದರೆ ಬಿಲ್ಲು ಹಿಡಿಯಲು ಯಾರೂ ಉಳಿಯುತ್ತಿರಲಿಲ್ಲ.

ಕುರ್ಚಿಯಲ್ಲಿ ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ ಎರಡು ನಿಮಿಷ ಇರಬೇಕು. ಕೈಯೂರಿ ಐದು ಸೆಕೆಂಡ್ ಎದ್ದು ಕೂತರೆ ಸಾಲದು, ಅಷ್ಟರಲ್ಲಿ ರಕ್ತ ಮರಳುವುದಿಲ್ಲ. ಇಬ್ಬರು ಎದುರುಬದುರು ಕೂತು ಮಾತಾಡುವಾಗ ಒಬ್ಬ ಬಾಗಿದರೆ ಇನ್ನೊಬ್ಬನೂ ಬಾಗುವುದು ಒಳ್ಳೆಯ ರೂಢಿ. ಬೆಳಿಗ್ಗೆ ರಾತ್ರಿ ಪೃಷ್ಠ, ಹಿಮ್ಮಡಿ ನೋಡಬೇಕು. ಕೆಂಪನ್ನು ಬೆರಳಲ್ಲಿ ಒತ್ತಿದಾಗ ಬಿಳಿಚದಿದ್ದರೆ ಆ ಕಡೆ ಕೂರುವಂತಿಲ್ಲ, ಮಲಗುವಂತಿಲ್ಲ.

● ಹಳೆ ಫೈಲು

ವಾರ್ಡಿನಲ್ಲಿ ತಮಾಷೆ ಸಲ್ಲದು ಅನ್ನುವವರು ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಪೇಟೆಯ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆಯನ್ನು ನೆನೆಯಬೇಕು. ಎರಡನೇ ಮಹಾಯುದ್ಧದಲ್ಲಿ ಮುಖ, ಕೈ ಸುಟ್ಟ ವಿಮಾನ ಯೋಧರು 1941ರಲ್ಲಿ ಅಲ್ಲಿ ಗಿನಿ ಪಿಗ್ ಕ್ಲಬ್ ಕಟ್ಟಿದರು. ಪ್ರಯೋಗಕ್ಕೆ ಸಿಕ್ಕ ಪ್ರಾಣಿಗಳು ನಾವು ಅಂತ ತಮ್ಮನ್ನೇ ಕರೆದುಕೊಂಡ ಹೆಸರು ಅದು. ಕಾಲು ಸುಟ್ಟವನನ್ನು ಖಜಾಂಚಿ ಮಾಡಿದರು, ದುಡ್ಡು ಎತ್ತಿಕೊಂಡು ಓಡಲಾರ ಅಂತ. ಬೆರಳು ಸುಟ್ಟವನನ್ನು ಕಾರ್ಯದರ್ಶಿ ಮಾಡಿದರು, ಉದ್ದುದ್ದ ನಡಾವಳಿ ಬರೆಯಲಾರ ಅಂತ. ಸರ್ಜನ್ ಆರ್ಚಿಬಾಲ್ಡ್ ಮೆಕಿಂಡೊ ರೋಗಿಯ ನೀಲಿ ಉಡುಪು ತೆಗೆಸಿ ಸಮವಸ್ತ್ರ ತೊಡಲು ಬಿಟ್ಟರು, ವಾರ್ಡಿಗೆ ಬಿಯರ್ ಪೀಪಾಯಿ ತರಿಸಿದರು, ಪೇಟೆಯ ಜನರಿಗೆ ಈ ಮುಖಗಳನ್ನು ದಿಟ್ಟಿಸದೆ ಮಾತಾಡಿಸಿ ಅಂತ ಹೇಳಿ ಒಪ್ಪಿಸಿದರು. ಸಮುದ್ರಕ್ಕೆ ಬಿದ್ದವರ ಸುಟ್ಟಗಾಯ ಮೇಲಾಗಿ ಮಾಯುವುದನ್ನು ಗಮನಿಸಿ ಉಪ್ಪುನೀರಿನ ಸ್ನಾನ ತಂದರು. ಕ್ಲಬ್ಬಿನಲ್ಲಿ ಕೊನೆಗೆ 649 ಸದಸ್ಯರಿದ್ದರು.

● ರಾತ್ರಿ ಪಾಳಿ

ಒಪ್ಪಿದೆ ಸಾರ್, ಆದರೆ ಪೀಪಾಯಿಯ ಮಾತನ್ನು ಯಾರೂ ಅಕ್ಷರಶಃ ಹಿಡಿಯಬೇಡಿ. ಇವತ್ತು ಸ್ಟಂಪಿನ ನೋವಿಗೆ ಓಪಿಯಾಯ್ಡ್, ನರದ ನೋವಿಗೆ ಗಾಬಾಪೆಂಟಿನ್ ಥರದ್ದು ನಡೆಯುತ್ತಿರುತ್ತದೆ. ಅವೆರಡೂ ಸೇರಿದರೇ ಉಸಿರು ನಿಧಾನವಾಗುತ್ತದೆ. ಜೊತೆಗಾರ ಕೋಟಿನೊಳಗೆ ತಂದ ಕಾಲು ಬಾಟಲಿ ಮೂರನೆಯದಾಗಿ ಸೇರಿದರೆ ರಾತ್ರಿ ನಿದ್ದೆಯಲ್ಲಿ ಉಸಿರೇ ನಿಲ್ಲಬಹುದು. ತಂದದ್ದು ಗೊತ್ತಾದರೆ ಬೈಗುಳದ ಭಯಕ್ಕೆ ಮುಚ್ಚಿಡಬೇಡಿ, ಎಷ್ಟು ಕುಡಿದ ಅಂತ ಹೇಳಿ.

ತಮಾಷೆಗೂ ಒಂದು ಲೆಕ್ಕವಿದೆ. ಗಾಯಾಳು ತನ್ನ ಬಗ್ಗೆ ತಾನೇ ಶುರುಮಾಡಿದರೆ ಜೊತೆಗೂಡಬಹುದು. ನಿನ್ನೆಯಷ್ಟೇ ಬಂದವನ ಮೇಲೆ, ಅವನ ಹೆಂಡತಿ ಮಕ್ಕಳ ಎದುರು ಬೇಡ.

● ಭೇಟಿಗಾರ

ಅಂಗ ಕಳೆದುಕೊಂಡು ಚೇತರಿಸಿಕೊಂಡವರನ್ನು ಹೊಸ ಗಾಯಾಳುವಿನ ಹತ್ತಿರ ಕಳಿಸುವ ಪದ್ಧತಿ ಬಹಳ ಕಡೆ ಇದೆ. ಆದಷ್ಟು ಅದೇ ಮಟ್ಟದಲ್ಲಿ ಕಾಲು ಹೋದವರನ್ನೇ ಕಳಿಸಿ. ತೊಡೆಯಿಂದ ಹೋದವನ ಮುಂದೆ ಮೊಣಕಾಲು ಉಳಿದವನು ಚಕಚಕ ನಡೆದು ತೋರಿಸಿದರೆ ಆಸೆಗಿಂತ ಹೊಟ್ಟೆಯುರಿ ಹೆಚ್ಚು. ಗಾಯಾಳು ಬೇಕು ಅಂದ ಮೇಲೆ ಹೋಗಿ, ನಿಂತು ಮಾತಾಡಬೇಡಿ, ಕೂತುಕೊಳ್ಳಿ. ಅರ್ಧ ಗಂಟೆ ಸಾಕು. ಮೊದಲು ಅವನ ಪ್ರಶ್ನೆ, ನಿಮ್ಮ ಕತೆ ಅವನು ಕೇಳಿದರೆ ಮಾತ್ರ. ಔಷಧಿ ಬಗ್ಗೆ ಸಲಹೆ ಬೇಡ, "ಆರು ತಿಂಗಳಲ್ಲಿ ಓಡ್ತೀಯ" ಅನ್ನುವ ಮಾತು ಬೇಡ.

ಯಾವತ್ತೂ ಜೋಕು ಹೊಡೆಯುತ್ತಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾದರೆ, ಪದಕ, ಗಡಿಯಾರ ಅಂತ ಹಂಚಲು ಶುರು ಮಾಡಿದರೆ, "ಎಲ್ಲರಿಗೂ ಭಾರ ಆಗಿದ್ದೇನೆ" ಅಂದರೆ, ಸುತ್ತಿಬಳಸದೆ ಕೇಳಿ: "ಸಾಯುವ ಯೋಚನೆ ಬರ್ತಿದೆಯಾ?" ಕೇಳಿದರೆ ಆ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಗುಟ್ಟು ಕಾಪಾಡುತ್ತೇನೆ ಅಂತ ಮಾತು ಕೊಡಬೇಡಿ, ಆ ಹೊತ್ತಿಗೇ ಡಾಕ್ಟರಿಗೆ ಹೇಳಿ. ಮನೆಯಲ್ಲಿ ಬಂದೂಕು ಇದ್ದರೆ ಡಿಸ್ಚಾರ್ಜ್ ಆಗುವ ಮೊದಲೇ ಬೇರೆಯವರ ಬೀಗದೊಳಗೆ ಹೋಗಬೇಕು. ವಾರ್ಡಿನಲ್ಲಿ ಸುತ್ತ ಹತ್ತು ಜನ ಇದ್ದವನು ಮನೆಗೆ ಹೋದ ಮೊದಲ ವಾರ ಗೋಡೆ ನೋಡುತ್ತ ಕೂರುತ್ತಾನೆ, ಫೋನು ಯಾರು ಯಾವ ದಿನ ಅಂತ ಆಸ್ಪತ್ರೆ ಬಿಡುವ ಮೊದಲೇ ಹಂಚಿಕೊಳ್ಳಿ.

● ಹಳೆ ಫೈಲು

ಜೇಬಿನಲ್ಲಿ ಇರಬೇಕಾದ ಒಂದು ಹಾಳೆ. ಗಾಯದ ವರ್ಷ, ಆಪರೇಷನ್ನುಗಳು, ಈಗಿನ ಮಾತ್ರೆ ಮತ್ತು ಪ್ರಮಾಣ, ಅಲರ್ಜಿ, ಯಾವ ಕಿವಿ ಒಳ್ಳೆಯದು, ಮಾಮೂಲು ಬಿ.ಪಿ. ಎಲ್ಲಕ್ಕಿಂತ ಮೇಲೆ, ಮೈಯಲ್ಲಿ ಉಳಿದ ಲೋಹದ ಚೂರುಗಳು ಎಲ್ಲೆಲ್ಲಿ. ಎಂಆರ್‌ಐ ಕೋಣೆಯಲ್ಲಿ ಕಬ್ಬಿಣದ ಚೂರು ಸರಿಯಬಹುದು, ಬಿಸಿಯಾಗಬಹುದು. ಕಣ್ಣಿನಲ್ಲೋ ಬೆನ್ನುಹುರಿ ಹತ್ತಿರವೋ ಇದ್ದರೆ ಅನಾಹುತ. "ಮೂವತ್ತು ವರ್ಷದ ಹಳೆ ಗಾಯ, ಏನಾಗುತ್ತೆ" ಅಂತ ಅರ್ಜಿಯಲ್ಲಿ ಇಲ್ಲ ಅಂತ ಗುರುತು ಹಾಕುವವರು ಇದ್ದಾರೆ. ಅನುಮಾನವಿದ್ದರೆ ಮೊದಲು ಎಕ್ಸ್‌ರೇ.

ನಿದ್ದೆಯಲ್ಲಿ ಕಿರುಚುವ, ಕೈ ಬೀಸುವ ಅಭ್ಯಾಸವಿದ್ದರೆ ಅನಸ್ತೇಶಿಯಾ ಡಾಕ್ಟರಿಗೆ ಮುಂಚೆಯೇ ತಿಳಿಸಿ. ಅರಿವಳಿಕೆಯಿಂದ ಏಳುವಾಗ ತಬ್ಬಿಬ್ಬಾಗಿ ಹೊಡೆದಾಡುವುದು ಇಂಥವರಲ್ಲಿ ಹೆಚ್ಚು. ಗದ್ದಲವಿಲ್ಲದ ಮೂಲೆ, ಪರಿಚಯದ ಒಂದು ದನಿ ಇದ್ದರೆ ಬೇಗ ತಹಬಂದಿಗೆ ಬರುತ್ತಾರೆ. ಒಳಗೆ ಬಿಡುತ್ತಾರಾ ಅಂತ ಹಿಂದಿನ ದಿನವೇ ಕೇಳಿಡಿ.

● ಹೊಸಬ

ಎಲ್ಲ ಬರೆದುಕೊಂಡೆ. ಬ್ಯಾಂಡೇಜ್ ತೊಳೆದು ತಂತಿಯ ಮೇಲೆ ಒಣಹಾಕಿದರೆ ಮೂರೇ ದಿನಕ್ಕೆ ಸಡಿಲವಾಗುತ್ತಿದೆ. ಸೋಪು ಬದಲಿಸಬೇಕಾ?

● ಪಟ್ಟಿಯಕ್ಕ

ಸೋಪಲ್ಲ, ತಂತಿ. ಒದ್ದೆ ಭಾರಕ್ಕೆ ಎಲಾಸ್ಟಿಕ್ ಎಳೆದುಹೋಗುತ್ತದೆ. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಮಟ್ಟಸವಾಗಿ ಹಾಸಿ ಒಣಗಿಸಿ. ಎರಡು ಜೊತೆ ಇಟ್ಟುಕೊಳ್ಳಿ, ಒಂದು ಒಣಗುವಾಗ ಇನ್ನೊಂದು ಕಾಲಿನ ಮೇಲಿರಲಿ. ಒಣಗಿದ್ದನ್ನು ಸಡಿಲವಾಗಿ ಉಂಡೆ ಸುತ್ತಿಡಿ, ಎಳೆದು ಸುತ್ತಿದರೆ ಮತ್ತೆ ಅದೇ ಕತೆ.